ಅಜ್ಜಿಯ ಎಣಿಕೆ

ಯೂನಿವರ್ಸಿಟಿಯ ಹೊರಗೆ ವಿದ್ಯಾರ್ಥಿಗಳು ಬಾಡಿಗೆಗಿರುವ ಮನೆಗಳನ್ನು ತಪಾಸಣೆ ಮಾಡುವುದು ಅವಳ ಕೆಲಸ. ಹನ್ನೊಂದು ವರ್ಷಗಳಿಂದ ಮೊಸರಲ್ಲಿ ಕಲ್ಲು ಹುಡುಕುವವಳೆಂದೇ ಹೆಸರಾಗಿದ್ದಳು. ಆ ಮಧ್ಯಾಹ್ನ ಮೇಲ್ಮಹಡಿಯಲ್ಲಿ, ಐವರು ಹುಡುಗಿಯರ ಎದುರಿಗೆ ಕುರ್ಚಿ ಹತ್ತಿ ಹೊಗೆ ಅಲಾರಂನ ಗುಂಡಿ ಒತ್ತಿದಳು.

"ಮೇಡಂ, ಕೆಳಗಡೆ ಮೊದ್ಲೇ ಹೇಳ್ಬೇಕು..." ಎಂದು ಒಬ್ಬಳು ಬಾಯಿ ತೆರೆಯುವಷ್ಟರಲ್ಲಿ ಅದು ಕಿವಿ ಗಡಚಿಕ್ಕುವಂತೆ ಅರಚಿಕೊಂಡಿತ್ತು.

ಮೆಟ್ಟಿಲು ದಡದಡ ಎಂದಿತು. ಕೆಳಗಿನ ಅಂಗಡಿಯ ಕ್ಷೌರಿಕ ಎರಡು ಬಕೆಟ್ ನೀರು ಹಿಡಿದು ಏದುಸಿರು ಬಿಡುತ್ತ ಬಂದ. ಹಿಂದೆಯೇ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಅವನ ಗಿರಾಕಿ. ಕಿಟಕಿಯಾಚೆ ಪಕ್ಕದಂಗಡಿಯ ಟೈಲರ್ ದಂಪತಿ ಆಗಲೇ ಏಣಿ ಒರಗಿಸಿದ್ದರು. ಅವಳು ಕುರ್ಚಿಯ ಮೇಲೆ ಕಂಬದಂತೆ ನಿಂತುಬಿಟ್ಟಳು.

"ಬೆಂಕಿ ಇಲ್ಲ, ಬರೀ ಪರೀಕ್ಷೆ."

"ಇರ್ಲಿ, ಕೆಳಗಿಳೀರಿ," ಎಂದ ಕ್ಷೌರಿಕ. "ಅಜ್ಜಿ ಬೀದೀಲಿ ಎಲ್ಲರನ್ನೂ ಎಣಿಸೋವರೆಗೂ ನಮ್ಮಲ್ಲಿ ಯಾರೂ ಕೆಲ್ಸಕ್ಕೆ ವಾಪಸ್ ಹೋಗಲ್ಲ."

ಕೆಳಮನೆಯ ಒಡತಿ, ಕಣ್ಣು ಕಾಣದ ಅಜ್ಜಿ, ಬೀದಿಯಲ್ಲಿ ಕೈ ಚಾಚಿ ನಿಂತಿದ್ದಳು. ಹುಡುಗಿಯರು ಒಬ್ಬೊಬ್ಬರಾಗಿ ಆ ಅಂಗೈ ಮುಟ್ಟಿ ಸರಿದರು. ಐದಾದ ಮೇಲೂ ಕೈ ಇಳಿಯಲಿಲ್ಲ.

"ಎಲ್ಲಾ ಬಂದ್ವಿ ಅಜ್ಜಿ."

"ಇಲ್ಲ ಕಣೇ. ಆಗ್ಲೇ ಹೊಸ ಹೆಜ್ಜೆಯೊಂದು ಮೇಲೆ ಹತ್ತಿತ್ತು. ಆ ಮಗು ಎಲ್ಲಿ?"

ಈ ಹನ್ನೊಂದು ವರ್ಷಗಳಲ್ಲಿ ಎಷ್ಟೋ ಮನೆಗಳ ಮೆಟ್ಟಿಲು ಹತ್ತಿದ್ದಳು ಅವಳು. ಇಳಿದಳೋ ಇಲ್ಲವೋ ಎಂದು ಯಾರೂ ಕೇಳಿದ್ದಿಲ್ಲ. ತಪಾಸಣೆಯ ಹಾಳೆಗಳನ್ನು ಕಂಕುಳಿಗೆ ಸಿಕ್ಕಿಸಿ, ಮುಂದೆ ಬಂದು ತನ್ನ ಕೈಯನ್ನು ಆ ಅಂಗೈಯ ಮೇಲಿಟ್ಟಳು.

"ಆರು," ಎಂದಳು ಅಜ್ಜಿ. ಆಮೇಲಷ್ಟೇ ಕ್ಷೌರಿಕ ಬಕೆಟ್ ಕೆಳಗಿಟ್ಟ.