ಗುಟ್ಟು ಕೊನೆಯಲ್ಲಿದೆ

ಇನ್ನೊಬ್ಬಳ ತಲೆಯೊಳಗೆ ಹೇಳದೆ ಕೇಳದೆ ನುಗ್ಗಿ ಅಲ್ಲಿ ಓಡಿದ್ದನ್ನು ಹೇಳಹೊರಟಿದ್ದಕ್ಕೆ ಕ್ಷಮಿಸಬೇಕು, ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ ಅದೂ ಅನುಮಾನ, ಆದರೆ ಅವಳ ಕಣ್ಣು ಆಗ ಇದ್ದದ್ದು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಹತ್ತಿಕೊಂಡ ಒಂದು ಕೆಂಪು ಚುಕ್ಕೆಯ ಮೇಲೆ — ಹೊಸ ಕಮೆಂಟು, ಅವರದೇ ಇರಬಹುದು, ಅವರದೇ ಇರಲಿ ದೇವರೇ — ಅಲ್ಲ, ಯಾರೋ ಚಪ್ಪಾಳೆಯ ಚಿತ್ರ ಹಾಕಿದ್ದಾರೆ, ಚಪ್ಪಾಳೆ ಯಾರಿಗೆ ಬೇಕಿತ್ತು, ಕೆಳಗೆ ಅಂಗಡಿಯಲ್ಲಿ ಯಾರೋ ಫಿನಾಯಿಲ್ ಕ್ಯಾನು ಎಳೆಯುತ್ತಿದ್ದಾರೆ, ಆ ಕರ್ರ್ ಸದ್ದು ಅಟ್ಟದ ಹಲಗೆ ಹಿಡಿದು ಅವಳ ಕಾಲಿಗೆ ಬಂದು ಹಲ್ಲಿಗೆ ತಾಗುತ್ತದೆ, ಅವಳು ಮತ್ತೆ ಅದೇ ಕಮೆಂಟಿಗೆ ಹೋಗುತ್ತಾಳೆ, ಗುಂಡನ ಅಮ್ಮ ಅಂತ ಹೆಸರಿಟ್ಟುಕೊಂಡ ಹೆಂಗಸು, ಮುಖ ಕಂಡಿಲ್ಲ, ಅಂಗಡಿಯ ಬ್ಲಾಗಿಗೆ ಅವಳು ಏನು ಬರೆದರೂ ಎಲ್ಲರಿಗಿಂತ ಮೊದಲು ಬರುವವರು, ನೀನು ಬರೆದದ್ದು ಓದಿದ್ರೆ ಪಕ್ಕದಲ್ಲಿ ಕೂತು ಮಾತಾಡ್ದಂಗಿರುತ್ತೆ ಕಣೇ ಅಂದವರು, ಇವತ್ತು ಬೆಳಿಗ್ಗೆ ಬರೆದಿದ್ದಾರೆ, ತಂಗೀ, ಬಚ್ಚಲಲ್ಲೇ ಇದೀನಿ, ಒಂದು ಕೈಲಿ ಬ್ರಷ್ಷು ಒಂದು ಕೈಲಿ ಫೋನು, ಬ್ಲೀಚೂ ಇದೆ ಆಸಿಡ್ಡೂ ಇದೆ, ಎರಡೂ ಸೇರಿಸಿ ಹಾಕಿದ್ರೆ ಕಲೆ ಬೇಗ ಹೋಗುತ್ತಾ, ಕಿಟಕಿ ಬೇರೆ ಇಲ್ಲ, ಸೆಖೆ ತಡೆಯಕ್ಕಾಗ್ತಿಲ್ಲ — ಅದರ ಕೆಳಗೆ ಉತ್ತರ, ಇವಳದೇ, ಇವಳ ಬೆರಳೇ ಬರೆದದ್ದು, ಪೂರ್ತಿ ಓದಿ ಅಕ್ಕಾ, ಗುಟ್ಟು ಕೊನೆಯಲ್ಲಿದೆ, ಪಕ್ಕದಲ್ಲಿ ಕಣ್ಣು ಹೊಡೆಯುವ ಒಂದು ಹಳದಿ ಮುಖ.

ಗುಟ್ಟು. ಬೆರೆಸಿದರೆ ವಿಷದ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಉಸಿರು ಕಟ್ಟಿ ಬೀಳಬಹುದು, ಇದು ಗುಟ್ಟಂತೆ, ಇದಕ್ಕೆ ಕಣ್ಣು ಹೊಡೆದಳಂತೆ — ಮೊದಲು ಬರೆದಾಗ ಆ ಎಚ್ಚರಿಕೆ ಮೊದಲ ಸಾಲಿನಲ್ಲೇ ಇತ್ತು, ನಿಜಕ್ಕೂ ಇತ್ತು, ಆಮೇಲೆ ಅವಳೇ ಕತ್ತರಿಸಿ ಕಟ್ಟಕಡೆಗೆ ಅಂಟಿಸಿದಳು, ಬ್ಲಾಗು ಬರೆಯುವುದನ್ನು ಕಲಿಸುವ ಸಂಜೆ ಕ್ಲಾಸಿನ ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಹೇಳುತ್ತಿದ್ದರಲ್ಲ, ಬಾಗಿಲಲ್ಲೇ ಹೊಟ್ಟೆ ತುಂಬಿಸಿ ಕಳಿಸಿದ್ರೆ ಒಳಗೆ ಬಂದು ಯಾರಮ್ಮಾ ಕೂತ್ಕೋತಾರೆ, ಮುಖ್ಯವಾದ್ದನ್ನ ಹಿಂದೆ ಬಚ್ಚಿಡು, ಆಸೆ ತೋರಿಸು, ಕಮೆಂಟಲ್ಲಿ ಕೇಳಿದ್ರೂ ಬಾಯಿ ಬಿಡಬೇಡ, ಓದಕ್ಕೆ ಕಳಿಸು, ಮತ್ತು ಅವಳು ಅಕ್ಷರ ಬಿಡದೆ ಮಾಡಿದಳು, ಯಾವಾಗಲೂ ಹೇಳಿದ್ದನ್ನು ಹೇಳಿದಂತೆ ಮಾಡುವವಳು ಅವಳು, ಬಚ್ಚಲ ಕಲೆಯ ಬಗ್ಗೆ ಎಷ್ಟು ಚೆಂದ ಬರೆದೆ ಅಂತ ಬೆಳಿಗ್ಗೆ ಒಳಗೊಳಗೇ ಉಬ್ಬಿದ್ದಳು ಬೇರೆ, ಆಮೇಲೆ ಆ ಕಮೆಂಟನ್ನು ಎರಡನೇ ಸಲ ಓದಿದವಳೇ ಕೆಳಗೆ ಅಂಗಡಿಯ ಯಜಮಾನರ ಹತ್ತಿರ ಓಡಿದಳು, ಸಾರ್ ಎಚ್ಚರಿಕೇನ ಮೇಲಕ್ಕೆ ತರ್ಲಾ, ಅವರು ಬಾಟಲಿಗಳಿಗೆ ಬೆಲೆಚೀಟಿ ಅಂಟಿಸುತ್ತಾ ತಲೆಯೆತ್ತದೆ, ನೋಡಮ್ಮಾ, ಜನ ಇವತ್ತು ಇರುವೆ ಥರ ಮುತ್ತಿದಾರೆ, ಮೊದಲ ಸಾಲಲ್ಲೇ ವಿಷ ಸಾವು ಅಂತ ಬರೆದ್ರೆ ನನ್ನ ಬಾಟ್ಲಿ ಯಾರು ತಗೋತಾರೆ, ನಿಮ್ಮ ಮೇಷ್ಟ್ರಾ, ಮುಟ್ಟಬೇಡ ಅದನ್ನ, ಅಲ್ಲ ಸಾರ್, ಯಾರಾದ್ರೂ ಅರ್ಧಕ್ಕೇ ಬಿಟ್ರೆ, ಬಿಟ್ರೆ ನಿನ್ನ ಬರವಣಿಗೇಲಿ ಉಪ್ಪಿಲ್ಲ ಅಂತ, ಹೋಗು. ಬರವಣಿಗೇಲಿ ಉಪ್ಪಿಲ್ಲದ್ದಕ್ಕೆ ಒಂದು ಜೀವ — ಥೂ, ಬಿಡ್ತು ಅನ್ನು. ಮೆಟ್ಟಿಲು ಹತ್ತಿ ಬಂದವಳೇ ಮೇಲಕ್ಕೆ ತಂದುಬಿಟ್ಟಳು, ದಪ್ಪ ಅಕ್ಷರದಲ್ಲಿ, ಕೆಲಸದಿಂದ ತೆಗೆದರೆ ತೆಗೆಯಲಿ, ಆ ಕಮೆಂಟಿನ ಕೆಳಗೂ ಬರೆದಳು, ಅಕ್ಕಾ ಬೆರೆಸಬೇಡಿ, ಬೆರೆಸಿದ್ರೆ ತಕ್ಷಣ ಹೊರಗೆ ಬನ್ನಿ, ಒಂದು ಉಸಿರಿನಷ್ಟು ಹೊತ್ತು ಎದೆ ಹಗುರಾಯಿತು, ಆಮೇಲೆ ಹೊಳೆಯಿತು — ಅವರು ಪುಟ ತೆರೆದದ್ದು ಬೆಳಿಗ್ಗೆ, ಅವರ ಕೈಯಲ್ಲಿರುವುದು ಹಳೆಯ ಪುಟ, ಅದರಲ್ಲಿ ಎಚ್ಚರಿಕೆ ಇನ್ನೂ ತಳದಲ್ಲೇ ಕೂತಿದೆ.

ಫೋನ್ ನಂಬರಿಲ್ಲ, ಊರು ಗೊತ್ತಿಲ್ಲ, ಗುಂಡನ ನಿಜವಾದ ಹೆಸರೂ ಗೊತ್ತಿಲ್ಲ, ಇಷ್ಟು ದಿನ ಅಕ್ಕಾ ಅಕ್ಕಾ ಅಂದದ್ದು ಯಾರಿಗೆ, ಅತ್ತಿಗೆಗೆ ಫೋನ್ ಮಾಡಿದಳು, ಮನೆಯವರ ದನಿ ಬೇಕಾಗಿತ್ತು, ಅತ್ತಿಗೇ ನಾನು ಬರೆದದ್ದನ್ನ ಕೊನೇ ತನಕ ಓದ್ತೀರಾ, ಅತ್ತಿಗೆ ನಕ್ಕರು, ಏನೇ ಇದು ಮಧ್ಯಾಹ್ನದ ಹೊತ್ತಲ್ಲಿ ಪರೀಕ್ಷೆ, ನಿಜ ಹೇಳ್ಲಾ, ಬೈಬಾರ್ದು, ಮೇಲಿನ ಎರಡು ಸಾಲು ಓದ್ತೀನಿ, ಆಮೇಲೆ ನಾದಿನಿ ಅಲ್ವಾ ಅಂತ ಹೃದಯ ಒತ್ತಿಬಿಡ್ತೀನಿ, ನಮಗೆಲ್ಲಿ ಪುರಸೊತ್ತು, ಪಾತ್ರೆ ತೊಳೀತಾ ಇರ್ತೀನಿ, ಒದ್ದೆ ಹೆಬ್ಬೆರಳಲ್ಲಿ ಎಷ್ಟು ತೀಡಿದ್ರೂ ಆ ಪರದೆ ಮೇಲಕ್ಕೇ ಹೋಗಲ್ಲ, ಬಿಸಾಕಿ ಕೆಲಸ ನೋಡ್ಕೋತೀನಿ — ಯಾಕೇ, ಅಳ್ತಿದೀಯಾ, ಏನಾಯ್ತೇ, ಏನಿಲ್ಲ ಅತ್ತಿಗೇ, ಇಟ್ಟುಬಿಟ್ಟಳು. ಒದ್ದೆ ಹೆಬ್ಬೆರಳು. ಇದು ಮೇಷ್ಟ್ರ ಪಾಠದಲ್ಲಿ ಇರಲಿಲ್ಲ, ಓದುಗರನ್ನು ಹಿಡಿದಿಡುವ ಪಾಠಗಳಲ್ಲಿ ಎಲ್ಲರ ಕೈಯೂ ಒಣಗಿತ್ತು, ಎಲ್ಲರೂ ಕುರ್ಚಿಯ ಮೇಲೆ ಕೂತಿದ್ದರು — ಇಲ್ಲ, ಹಾಗಾಗಿರಲ್ಲ, ಕೈ ಒರೆಸಿಕೊಂಡಿರುತ್ತಾರೆ, ಸೆರಗಿಗೆ ಒರೆಸಿಕೊಂಡು ಪೂರ್ತಿ ಓದಿ ಅಯ್ಯೋ ಸದ್ಯ ಅಂದಿರುತ್ತಾರೆ, ಗುಂಡನಿಗೆ ಉಣ್ಣಿಸಿ ಮಲಗಿಸುತ್ತಿರುತ್ತಾರೆ, ಫೋನು ಚಾರ್ಜಿಗೆ ಹಾಕಿರುತ್ತಾರೆ, ಅಷ್ಟೇ, ಎಲ್ಲರೂ ಯಾವಾಗಲೂ ಉತ್ತರ ಬರೆಯಬೇಕೆಂದೇನಿದೆ, ಆದರೆ ಅವರು ಯಾವಾಗಲೂ ಬರೆಯುತ್ತಿದ್ದರು, ಓದುಗರು ಎಲ್ಲಿ ನಿಂತರೆಂದು ತೋರಿಸುವ ಪುಟ ತೆರೆಯುತ್ತಾಳೆ, ಗೆರೆ ಏರುತ್ತದೆ, ಸಮತಟ್ಟಾಗುತ್ತದೆ, ಕೊನೆಗೆ ಸ್ವಲ್ಪ ಮೊದಲು ಬಾವಿಗೆ ಬಿದ್ದಂತೆ ಬೀಳುತ್ತದೆ, ಅಲ್ಲಿ ಬಿದ್ದವರು ಯಾರು ಯಾರು ಅಂತ ಅದು ಹೇಳುವುದಿಲ್ಲ, ಕಣ್ಣು ಮುಚ್ಚಿದರೆ ಗಾಜು, ಗಾಜಿನ ಮೇಲೆ ನೀರಿನ ಹನಿ, ಹೆಬ್ಬೆರಳು ಮೇಲಕ್ಕೆ ತೀಡುತ್ತದೆ, ಅಕ್ಷರ ಒಂಚೂರು ಅಲುಗಿ ಮತ್ತೆ ಅಲ್ಲೇ ನಿಲ್ಲುತ್ತದೆ, ಇನ್ನೊಂದೇ ಸಲ ಅಕ್ಕಾ, ಕೈ ಒರೆಸಿಕೊಳ್ಳಿ ಅಕ್ಕಾ, ಒದ್ದೆ ಹೆಬ್ಬೆರಳು, ತೀಡುತ್ತದೆ, ನಿಲ್ಲುತ್ತದೆ, ಒದ್ದೆ ಹೆಬ್ಬೆರಳು —

ಅವರು ಕೊನೆಯ ತನಕ ಓದಿದರೋ ಇಲ್ಲವೋ, ಅದು ಗೊತ್ತಾಗಲೇ ಇಲ್ಲ.