ಜಿರಳೆ ಜೀವಂತ ಇದ್ದರೆ ಇಳಿಯಬಹುದು

"ರಾಚವ್ವ ಅನ್ನೋ ಹೆಸರು ಪ್ರಾಜೆಕ್ಟ್ ಪೋಸ್ಟರ್ ಮೇಲೆ ಚೆನ್ನಾಗಿ ಕಾಣಲ್ಲಮ್ಮ," ಎಂದರು ಕಾಲೇಜಿನ ರಾಮಸ್ವಾಮಿ ಸರ್. "ಕೆಳಗೆ ಸಹಾಯಕರು ಅಂತ ಹಾಕಿಸ್ತೀನಿ. ಮೇಲೆ ನಿನ್ನ ಕ್ಲಾಸಿನ ವಿಕ್ರಂ ಇರಲಿ. ಅವನಿಗೆ ಇಂಗ್ಲಿಷ್ ಇದೆ."

ಇಂಗ್ಲಿಷ್ ಇತ್ತು, ಸುಳ್ಳಲ್ಲ. ವಿಷಯ ಇರಲಿಲ್ಲ. ವಿಷಯ ಬಿ.ಎಸ್ಸಿ. ಮೂರನೇ ವರ್ಷದ ರಾಚವ್ವನದು. ಅವಳಪ್ಪ ಮುರಿಗೆಪ್ಪ ಇಪ್ಪತ್ತು ವರ್ಷದಿಂದ ವಡಾಲ ಬಡಾವಣೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಗಟಾರಕ್ಕೆ ಇಳಿಯುವವನು. ಇಳಿಯುವ ಮೊದಲು ಅವನ ಗ್ಯಾಂಗಿನವರು ಮುಚ್ಚಳ ತೆಗೆದು, ಬಿದಿರು ಗಳ ಬಿಟ್ಟು ಕೆಸರು ಕಲಕುತ್ತಾರೆ. ಜಿರಳೆಗಳು ಜೀವಂತ ಹತ್ತಿ ಬಂದರೆ ಗ್ಯಾಸಿಲ್ಲ, ಇಳಿಯಬಹುದು. ಸತ್ತು ಬಿದ್ದಿದ್ದರೆ ಕಾಯಬೇಕು. ಹೋದ ವರ್ಷ ಜಿರಳೆಗಳೆಲ್ಲ ಚೆನ್ನಾಗಿಯೇ ಇದ್ದವು. ಸತ್ತದ್ದು ಚಿಕ್ಕಪ್ಪ ಶೇಖರ.

ಜಿರಳೆಯನ್ನು ಎಷ್ಟು ನಂಬಬಹುದು ಎಂದು, ವಿಷಗಾಳಿ ಸಿಕ್ಕರೆ ಒದರುವ ಗ್ಯಾಸ್ ಮೀಟರ್ ಹಿಡಿದು ಅಳೆದು ನೋಡಬೇಕು ಎಂದು ರಾಚವ್ವ ಮೂರು ಪುಟ ಬರೆದುಕೊಟ್ಟಳು. ವಿದ್ಯಾರ್ಥಿಗಳ ಸಂಶೋಧನೆಗೆಂದು ವಿಶ್ವವಿದ್ಯಾಲಯ ಕೊಡುವ ಅನುದಾನ ಬಂತು, ಮೀಟರೂ ಬಂತು. ಅಪ್ಪನ ಕೊರಳಿಗೆ ಅದೊಂದು ಬಿದ್ದರೆ ಸಾಕಿತ್ತು ಅವಳಿಗೆ. ಹೆಸರು ಎಲ್ಲಾದರೂ ಹಾಳಾಗಿ ಹೋಗಲಿ.

"ಮೀಟರ್ ಯಾವಾಗ ಒಯ್ಯೂಣ್ರಿ ಸರ್?"

"ಎಲ್ಲಿಗೆ, ಗಟಾರಕ್ಕಾ? ಅಷ್ಟು ಬೆಲೆ ಬಾಳೋ ಸಾಮಾನು, ಕೊಳಚೇಲಿ ಹಾಳಾಗಲ್ವೇನಮ್ಮ? ನಿಮ್ಮಪ್ಪನಿಗೆ ಹೇಳಿ ಬಾಟಲೀಲಿ ಕೆಸರು ತರಿಸು. ಲ್ಯಾಬ್‌ನಲ್ಲೇ ನೋಡೋಣ."

ಮೀಟರ್ ಗಾಜಿನ ಕಪಾಟು ಸೇರಿತು. ಮುರಿಗೆಪ್ಪ ಮೂರು ತಿಂಗಳು ಬಾಟಲಿ ಹಿಡಿದು ಇಳಿದ. ಬಾಟಲಿಯೊಳಗಿನ ಕೆಸರಿನಲ್ಲಿ ಗ್ಯಾಸು ಅಷ್ಟಕ್ಕಷ್ಟೆ. ವಿಕ್ರಂ ಚಂದದ ಗ್ರಾಫ್ ಎಳೆದ.

"ಥೂ ಇವರವ್ವನ, ವಿಜ್ಞಾನ ಅಂದ್ರ ಇದ ಏನು?" ಎಂದು ಕೇಳಿದ ಮುರಿಗೆಪ್ಪ ಒಂದು ದಿನ. "ಮೊದಲ ಸುಮ್ನ ಇಳೀತಿದ್ದೆ. ಈಗ ಬಾಟ್ಲಿಗೂ ಬ್ಯಾರೆ ಇಳೀಬೇಕು. ಭಾಡ್ಯಾಗೋಳು!"

ರಾಚವ್ವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಾನೇ ಬರೆದ ಮೂರು ಪುಟ ಅಪ್ಪನನ್ನು ಇನ್ನಷ್ಟು ಸಲ ಕೆಳಗಿಳಿಸಿತ್ತು.

ಮುಂದಿನ ವರ್ಷವೂ ಅನುದಾನ ಬರಬೇಕಾದರೆ ಕೆಲಸದ ವಿಡಿಯೊ ಕಳಿಸಬೇಕಿತ್ತು. ಅಂತೂ ಮೀಟರಿಗೆ ಕಪಾಟಿನಿಂದ ಬಿಡುಗಡೆಯಾಯಿತು. ಒಂದು ದಿನ ಬೆಳಿಗ್ಗೆ ಸ್ಟೇಷನ್ ಹಿಂದಿನ ಗಟಾರದ ಬಳಿ ವಿಕ್ರಂ ಅದನ್ನು ಕೊರಳಿಗೆ ಹಾಕಿಕೊಂಡು, ಕ್ರಾಪು ಸರಿ ಮಾಡಿಕೊಂಡು ನಿಂತ. ಸರ್ ಮೂಗಿಗೆ ಕರ್ಚೀಫು ಹಿಡಿದು ಮೊಬೈಲ್ ಎತ್ತಿದರು.

ಮುರಿಗೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗಳದಿಂದ ಕಲಕಿದ. ಜಿರಳೆಗಳು ದಂಡುಗಟ್ಟಿ ಹತ್ತಿ ಬಂದವು. ಅವನು ಒಂದು ಕಾಲು ಒಳಗೆ ಇಳಿಬಿಟ್ಟ. ಒಳಗೇನಿದೆ ನೋಡೋಣವೆಂದು ವಿಕ್ರಂ ಬಗ್ಗಿದ್ದೇ ತಡ, ಕೊರಳಲ್ಲಿದ್ದ ಮೀಟರ್ ಕಿರ್ರೆಂದು ಒದರತೊಡಗಿತು.

"ಅಪ್ಪಾ, ನಿಂದ್ರು!" ರಾಚವ್ವ ಚೀರಿದಳು.

"ಆ ಸದ್ದು ಆಫ್ ಮಾಡೋ ವಿಕ್ರಂ, ವಿಡಿಯೋದಲ್ಲಿ ಬರುತ್ತೆ," ಎಂದರು ಸರ್. "ಏ ಮುರಿಗೆಪ್ಪ, ಇಳಿಯಯ್ಯ, ಬಿಸಿಲೇರುತ್ತೆ. ಜಿರಳೆ ಜೀವಂತ ಇದಾವಲ್ಲ! ನಿಮ್ಮ ಜನದ ಲೆಕ್ಕ ನಿಂಗೇ ಗೊತ್ತಿಲ್ವಾ?"

ಮುರಿಗೆಪ್ಪ ಮಗಳ ಮುಖ ನೋಡಿದ. ಕಾಲು ಮೇಲೆಳೆದುಕೊಂಡ.

ರಾಚವ್ವ ವಿಕ್ರಮನ ಕೊರಳಿನಿಂದ ಮೀಟರ್ ತೆಗೆದಳು. ಅವನು ಇಂಗ್ಲಿಷಿನಲ್ಲೇ 'ಸಾರಿ' ಎಂದು ಹಿಂದೆ ಸರಿದ. ಅದನ್ನು ಅಪ್ಪನ ಕೊರಳಿಗೆ ಹಾಕಿ, ಅವನ ಸೊಂಟದ ಹಗ್ಗ ಬಿಚ್ಚಿದಳು. ಖಾಲಿ ಬಾಟಲಿಯನ್ನೂ ಹಗ್ಗದ ತುದಿಯನ್ನೂ ಸರ್ ಮುಂದೆ ಹಿಡಿದಳು.

"ಜಿರಳಿ ಜೀವಂತ ಅದಾವಲ್ರೀ ಸರ್. ಇಳೀರಿ."

"ಏನು ಮಾತಾಡ್ತಿದೀಯ? ಡಿಗ್ರಿ ಬೇಡ್ವಾ ನಿಂಗೆ?"

ಅವಳು ಹಿಡಿದ ಕೈ ಇಳಿಸಲಿಲ್ಲ. ಇಪ್ಪತ್ತು ವರ್ಷ 'ಆತ್ರಿ ಸಾಹೇಬ್ರ' ಎಂದುಕೊಂಡೇ ಇಳಿದಿದ್ದ ಮುರಿಗೆಪ್ಪ, ಎದೆಯ ಮೇಲೆ ಮೀಟರ್ ಒದರುತ್ತಿರುವಂತೆಯೇ ಹಗ್ಗದ ಇನ್ನೊಂದು ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡ.

"ಅಂಜಬ್ಯಾಡ್ರಿ ಸಾಹೇಬ್ರ, ಇಳೀರಿ," ಎಂದ. "ಹಗ್ಗ ನಾ ಹಿಡೀತೀನಿ."