ಹಸಿರು ಬಳಿದ ಜಾಗ

"ಕುರ್ಚಿ ಕಂಡಕೂಡ್ಲೆ ಕುಂಡಿ ಊರಿದ್ರೇನಬೇ? ಏಳ್ರಿ! ಲೇಔಟ್‌ನವ್ರು ಬರ್ತಾರ. ಹಿಂದ ಹೋಗಿ ನೆಲದ ಮ್ಯಾಲೆ ಸಾಯ್ರಿ!"

ಪಂಪನಗೌಡ ಕೂಗಿದ ರಭಸಕ್ಕೆ ಹುಲಿಗೆಮ್ಮ ಎದ್ದು ನಿಂತಳು. ಜೊತೆಗೆ ಬಂದಿದ್ದ ಮೂವತ್ತು ಹೆಂಗಸರೂ ಎದ್ದರು. ಬಳ್ಳಾರಿಯಂಚಿನಲ್ಲಿರುವ ಗೌಡನ ಜೀನ್ಸ್ ಶೆಡ್ಡಿನಲ್ಲಿ ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವವರು ಅವರು. ಸಿರುಗುಪ್ಪ ರಸ್ತೆಯ ಸಮುದಾಯ ಭವನದಲ್ಲಿ ಅವತ್ತು ಬಡಾವಣೆಯ ಆರ್ಥಿಕ ಅಭಿವೃದ್ಧಿ ಯೋಜನೆಗೆ ಜನಾಭಿಪ್ರಾಯ ಕೇಳುವ ಸಭೆ. ಕೇಳಲಿಕ್ಕೆ ಜನ ಬೇಕಲ್ಲ, ಗೌಡ ಅರ್ಧ ಕೆಲಸದಲ್ಲೇ ಇವರನ್ನೆಬ್ಬಿಸಿ ಟಂಟಂ ಆಟೋಗಳಲ್ಲಿ ತುಂಬಿ ತಂದಿದ್ದ. ದಾರ ಕತ್ತರಿಸುವ ಪುಟ್ಟ ಕಟ್ಟರ್‌ಗಳು ಕೊರಳಲ್ಲಿ ಹಾಗೇ ನೇತಾಡುತ್ತಿದ್ದವು. ಸೀರೆಯ ಮೇಲೆಲ್ಲ ನೀಲಿ ಧೂಳು. ಇಸ್ತ್ರಿ ಅಂಗಿಯ ಲೇಔಟ್‌ನವರು ಮೂಗು ಮುಚ್ಚಿಕೊಂಡು, ಹಿಂದೆ ನೆಲದ ಮೇಲೆ ಕುಳಿತ ಅವರನ್ನು ದಾಟಿಹೋಗಿ ಕುರ್ಚಿಗಳಲ್ಲಿ ಕುಳಿತರು.

ವೇದಿಕೆಯ ಮೇಲೆ ಗೋಡೆ ತುಂಬ ಫ್ಲೆಕ್ಸ್ ನಕಾಶೆ. ಸಭೆ ನಡೆಸಲು ಬಂದ ಸರ್ಕಾರಿ ಸಾಹೇಬರು ಕೋಲು ಹಿಡಿದು ತೋರಿಸುತ್ತ ಹೋದರು. ಹಳದಿ ಎಂದರೆ ಮನೆಗಳು, ಕೆಂಪು ಎಂದರೆ ಅಂಗಡಿಗಳು, ನೀಲಿ ಎಂದರೆ ಜೀನ್ಸ್ ಕಾರ್ಖಾನೆಗಳು. ಒಂದೊಂದು ಬಣ್ಣಕ್ಕೂ ಗೌಡ ಹಿಂದೆ ತಿರುಗಿ ಕಣ್ಣು ಬಿಡುತ್ತಿದ್ದ, ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು.

ಹುಲಿಗೆಮ್ಮನ ಕೈ ಅರ್ಧಕ್ಕೇ ನಿಂತಿತು. ಅವಳಿಗೆ ಅಕ್ಷರ ಬಾರದು ನಿಜ, ತನ್ನ ಓಣಿ ಗೊತ್ತಿಲ್ಲವೇ? ರೈಲು ಹಳಿ ಸಿಕ್ಕಿತು, ನೀರಿನ ಟ್ಯಾಂಕೂ ಸಿಕ್ಕಿತು. ಅವೆರಡರ ನಡುವೆ ಅವಳ ಮನೆ ಇರಬೇಕು. ಗಂಡ ಬದುಕಿದ್ದಾಗ ಇಬ್ಬರೂ ಕೂಡಿ ಕಲ್ಲು ಹೊತ್ತು ಕಟ್ಟಿದ್ದು. ಸುತ್ತ ಇನ್ನೂ ಅರವತ್ತು ಮನೆ. ನಕಾಶೆಯಲ್ಲಿ ಆ ಜಾಗಕ್ಕೆ ಅಂಗೈಯಗಲ ಹಸಿರು ಬಳಿದಿದ್ದರು.

"ಅಕ್ಕಾ, ಹಳಿ ಆಚಿ ನಮ್ಮ ಓಣಿನೂ ಹಸರಾಗೈತಿ ನೋಡು," ಪಕ್ಕದಲ್ಲಿದ್ದ ಖಾತೂನ್ ಪಿಸುಗುಟ್ಟಿದಳು.

ಹುಲಿಗೆಮ್ಮ ಎದ್ದಳು. "ಸಾಹೇಬ್ರೇ, ಆ ಹಸರು ಏನ್ರಿ?"

"ಪಾರ್ಕಮ್ಮ. ವಾಕಿಂಗ್ ಮಾಡೋಕೆ."

"ಅಲ್ಲಿ ನಮ್ಮ ಮನಿ ಅದಾವಲ್ರಿ."

ಸಾಹೇಬರು ಕಾಗದ ತಿರುವಿದರು. "ದಾಖಲೆ ಪ್ರಕಾರ ಖಾಲಿ ಜಾಗ. ನಿಮಗೂ ಅನುಕೂಲವೇ ಬಿಡಿ, ಪಾರ್ಕ್ ಗುಡಿಸೋಕೆ ಹೆಂಗಸರು ಬೇಕಾಗ್ತಾರೆ."

ಮುಂದಿನ ಸಾಲು ನಕ್ಕಿತು. ಹುಲಿಗೆಮ್ಮನ ಮೈ ಉರಿದುಹೋಯಿತು.

"ನಮ್ಮ ಒಲಿ ಇದ್ದ ಜಾಗಾನ ನಾವೇ ಗುಡಸ್ಬೇಕೇನ್ರಿ? ಇವರ ನಾಯಿ ಹೇಲಾಕ ಬರ್ತಾವು ಅಂತ?"

"ಬಾಯಿ ಮುಚ್ಚಬೇ ಬೋಸುಡಿ!" ಗೌಡ ಎದ್ದ. "ಊಟ ಹಾಕಸ್ತೀನಿ ಅಂತ ಕರಕೊಂಡು ಬಂದ್ರ ಕೇರಿ ಬುದ್ಧಿ ತೋರಸ್ತಿ? ನಾಳಿಂದ ಶೆಡ್ಡಿನ ಕಡಿ ಬಂದ್ರ ಕಾಲು ಮುರೀತೀನಿ."

ಸಾಹೇಬರು ಕೈಗಡಿಯಾರ ನೋಡಿಕೊಂಡರು. "ಬಾಯಿಮಾತು ನಡೆಯಲ್ಲ. ತಕರಾರಿದ್ದರೆ ಜಾಗ ಗುರುತು ಮಾಡಿ ಇವತ್ತೇ ಕೊಡಬೇಕು. ಐದು ನಿಮಿಷ ನೋಡ್ತೀನಿ. ಆಮೇಲೆ ಯಾರದೂ ಆಕ್ಷೇಪಣೆ ಇಲ್ಲ ಅಂತ ಬರೆದು ಸಹಿ ಹಾಕ್ತೀನಿ. ಗೌಡ್ರೇ, ಅಷ್ಟರಲ್ಲಿ ಜನರ ಜೊತೆ ಫೋಟೋ ತೆಗೆಸಿಬಿಡಿ."

ಗೌಡನ ದನಿ ಒಮ್ಮೆಲೇ ಬೆಣ್ಣೆಯಾಯಿತು. ಇಸ್ತ್ರಿ ಅಂಗಿಯವರನ್ನು ಬದಿಗೆ ಸರಿಸಿ ಹೆಂಗಸರನ್ನು ಕರೆದ. "ಬರ್ರಬೇ, ಮುಂದ ಬರ್ರಿ. ಕುರ್ಚಿ ಮ್ಯಾಲೆ ಕುಂದರ್ರಿ."

ಶೆಡ್ಡಂತೂ ಹೋಯಿತು, ಮನೆಯೂ ಹೋಗುತ್ತದೆ. ಇನ್ನು ಹೆದರಲಿಕ್ಕೆ ಏನು ಉಳಿದಿದೆ ಎನ್ನಿಸಿತು ಹುಲಿಗೆಮ್ಮನಿಗೆ. ಮುಂದೆ ಬಂದಳು. ಕುರ್ಚಿಗಳನ್ನು ದಾಟಿ ವೇದಿಕೆ ಹತ್ತಿದಳು. ಕೊರಳಿನ ಕಟ್ಟರ್ ತೆಗೆದು ಫ್ಲೆಕ್ಸಿಗೆ ತುದಿ ಚುಚ್ಚಿ, ಹಸಿರಿನ ಸುತ್ತ ಚಕಚಕ ಕತ್ತರಿಸಿದಳು. ದಿನಕ್ಕೆ ಮುನ್ನೂರು ಪ್ಯಾಂಟಿನ ದಾರ ಕತ್ತರಿಸುವ ಕೈ ಅದು. ಏನಾಗುತ್ತಿದೆಯೆಂದು ಬೇರೆಯವರಿಗೆ ತಿಳಿಯುವಷ್ಟರಲ್ಲಿ ತುಂಡನ್ನು ಸಾಹೇಬರ ಮೇಜಿನ ಮೇಲೆ ಬಡಿದಿದ್ದಳು.

"ಗುರುತು ಮಾಡೀನಿ, ತಗಾ. ಈಗ ಬರಕೋ. ಹುಲಿಗೆಮ್ಮಂದು ತಕರಾರೈತಿ."

"ಪೊಲೀಸ್ರಿಗೆ ಫೋನ್ ಹಚ್ಚರ್ಲೇ!" ಗೌಡ ಅರಚಿದ.

"ಮೊದಲು ಫೋಟೋ," ಸಾಹೇಬರು ಬೆವರು ಒರೆಸಿಕೊಂಡರು. "ಸಂಜೆಯೊಳಗೆ ಮೇಲಿನವರಿಗೆ ಕಳಿಸಬೇಕು. ತೂತು ಕಾಣಬಾರದು, ನೀವು ಅಡ್ಡ ನಿಂತ್ಕೊಳ್ಳಿ."

ಗೌಡ ಓಡಿಹೋಗಿ ತೂತಿಗೆ ಬೆನ್ನು ಕೊಟ್ಟು, ಎದೆ ಸೆಟೆಸಿ ನಿಂತ. ಫೋಟೋದವನು ಕ್ಯಾಮೆರಾ ಎತ್ತಿದ, ಮತ್ತೆ ಇಳಿಸಿದ. ಕುರ್ಚಿಗಳಲ್ಲಿ ಒಬ್ಬಳೂ ಇರಲಿಲ್ಲ. ಹೆಂಗಸರು ಕೊರಳಿನ ಕಟ್ಟರ್‌ಗೆ ಕೈ ಹಾಕುತ್ತ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು.

ಖಾತೂನ್ ಎಲ್ಲರಿಗಿಂತ ಮೊದಲೇ ನಕಾಶೆಯಲ್ಲಿ ಹಳಿಯಾಚೆಯ ತುದಿಗೆ ಹೋಗಿ ನಿಂತಿದ್ದಳು.

"ಗೌಡ್ರೇ, ನಮ್ಮ ಓಣಿ ಈ ಕಡಿ ಐತಿ," ಎಂದು ಕಟ್ಟರ್ ಬಾಯಿ ತೆರೆದಳು. "ಇಲ್ಲಿಗೂ ಬರ್ತೀರೋ, ಅಲ್ಲೇ ನಿಂದರ್ತೀರೋ?"